ರಂಗೋಲಿ ತುಳಿಯದ ಡ್ರಿಲ್ಲು

ಕಂಪ್ಲಿಯ ಬೋರ್ಡ್ ಶಾಲೆಗೆ ನಾನು ಬಂದದ್ದು ದೊಡ್ಡ ಹುಡುಗರಿಗೆ ಡ್ರಿಲ್ ಕಲಿಸುತ್ತೇನೆಂದು. ಟ್ರೈನಿಂಗ್ ಮುಗಿಸಿದ ಹೊಸದು. ಹೊಸಪೇಟೆಯ ಮನೆಯಿಂದ ತಂದ ಟ್ರಂಕಿನಲ್ಲಿ ಒಂದು ಸೀಟಿ, ಒಂದು ಜೊತೆ ಕ್ಯಾನ್ವಾಸ್ ಬೂಟು, ಸಂಡೂರು ಸಂಸ್ಥಾನದ ಶಾಲೆಯಲ್ಲಿದ್ದ ಗೆಳೆಯನಿಂದ ಎರವಲು ತಂದ ಡ್ರಿಲ್ ಪುಸ್ತಕ ಇದ್ದವು. ಹೆಡ್‌ಮಾಸ್ತರರು ನನ್ನ ಕೊರಳಲ್ಲಿದ್ದ ಸೀಟಿಯನ್ನೊಮ್ಮೆ, ಮುಖವನ್ನೊಮ್ಮೆ ನೋಡಿ, "ನಿಮಗ ಶಿಶು ತರಗತಿ ಕೊಟ್ಟೀನ್ರಿ," ಎಂದರು.

"ಸರ್, ನಾನು ಡ್ರಿಲ್ಲು..."

"ಅಲ್ಲೂ ಡ್ರಿಲ್ಲೇ ಬೇಕಾಗೇತಿ. ಸರ್ಕ್ಯುಲರ್ ಬಂದೈತಿ. ಹೋಗಿ ನೋಡ್ರಿ. ಅಂಜಬ್ಯಾಡ್ರಿ, ಅವೇನು ಕಡಿಯಂಗಿಲ್ಲ." ಸ್ವಲ್ಪ ತಡೆದು, "ಒಂದೆರಡು ಕಡೀತಾವ," ಎಂದು ಸೇರಿಸಿದರು.

ಶಿಶು ತರಗತಿ ಶಾಲೆಯ ಕಟ್ಟಡದಲ್ಲಿರಲಿಲ್ಲ. ಬೀದಿಯಾಚೆ ಅಕ್ಕಿ ಗಿರಣಿಗೆ ಸೇರಿದ ಹಳೆಯ ಭತ್ತದ ಉಗ್ರಾಣವೊಂದನ್ನು ಗಿರಣಿಯ ಧಣಿ ಬಿಟ್ಟುಕೊಟ್ಟಿದ್ದರು. ಕಲ್ಲು ಹಾಸಿದ ಉದ್ದನೆಯ ಕೋಣೆ. ನಡುವೆ ಒಂದು ಕಲ್ಲಿನ ಕಂಬ. ಒಂದು ಬಾಗಿಲು, ಎತ್ತರದಲ್ಲಿ ಎರಡು ಬೆಳಕಿಂಡಿ. ಗೋಡೆಯಾಚೆ ಗಿರಣಿಯ ಎಂಜಿನ್ ದಿನವಿಡೀ ಡುಗ್ ಡುಗ್ ಎನ್ನುತ್ತಿತ್ತು. ಬರುತ್ತಿದ್ದ ಮಕ್ಕಳು ಮೂರರಿಂದ ಐದು ವರ್ಷದ ಒಳಗಿನವರು. ಅವರ ತಾಯಂದಿರಲ್ಲಿ ಕೆಲವರು ಗಿರಣಿಯ ಕಣದಲ್ಲಿ ದುಡಿಯುವವರು, ಇನ್ನು ಕೆಲವರು ನಾಟಿಗೆ ಬುಕ್ಕಸಾಗರದ ಕಡೆಗೆ ಹೋಗುವವರು. ಧಣಿಯ ಮಗನೂ ಇಲ್ಲಿಗೇ ಬರುತ್ತಿದ್ದ. ಮಕ್ಕಳನ್ನು ಮನೆಮನೆಗೆ ಹೋಗಿ ಕರೆತರಲು ಬೋರ್ಡಿನವರು ಒಬ್ಬ ಹೆಂಗಸನ್ನು ನೇಮಿಸಿದ್ದರು. ಮಕ್ಕಳೆಲ್ಲ ಆಕೆಯನ್ನು ದೊಡ್ಡವ್ವ ಎನ್ನುತ್ತಿದ್ದರು. ಎರಡು ದಿನಗಳಲ್ಲಿ ನಾನೂ ಹಾಗೇ ಕರೆಯತೊಡಗಿದೆ.

ಈ ತರಗತಿ ಒಂದು ವರ್ಷದ ಪ್ರಯೋಗಕ್ಕೆಂದು ನಡೆಯುತ್ತಿದ್ದುದು. ದೀಪಾವಳಿ ಕಳೆದ ಮೇಲೆ ಇನ್‌ಸ್ಪೆಕ್ಟರು ಬಂದು ನೋಡಿ, ಇರಲಿ ಎಂದರೆ ಇರುತ್ತದೆ, ಬೇಡವೆಂದರೆ ಮುಚ್ಚುತ್ತದೆ. ಅವರು ಮುಖ್ಯವಾಗಿ ನೋಡುವುದು ಅಂಗಸಾಧನೆ ಎಂದು ಸರ್ಕ್ಯುಲರ್ ಹೇಳುತ್ತಿತ್ತು. ಚಿಕ್ಕ ಮಕ್ಕಳು ದಿನವೂ ಮೈ ಬಳಸಬೇಕು, ಬರೀ ಕೂತು ಅಕ್ಷರ ತಿದ್ದಬಾರದು.

ಮುಚ್ಚಿದರೆ ಯಾರಿಗೆ ಏನು ಎಂಬುದು ನನಗೆ ಮೊದಲ ದಿನವೇ ಗೊತ್ತಾಯಿತು. ಮೂರನೇ ತರಗತಿಯ ಒಬ್ಬ ಹುಡುಗಿ, ಒಂಬತ್ತು ವರ್ಷವಿರಬಹುದು, ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಹುಡುಗನಿಗೆ ನಾಲ್ಕು ತುಂಬಿತ್ತು. ಅವನ ಕಾಲುಗಳು ಅವಳ ಮೊಣಕಾಲಿನ ತನಕ ಜೋತಾಡುತ್ತಿದ್ದವು.

"ಇಳಿಸವ್ವಾ ಅವನ್ನ," ಎಂದೆ.

"ಇಳಿಸಿದ್ರ ಅಳ್ತಾನ್ರಿ ಮಾಸ್ತರ್ರ."

"ಅತ್ತರ ಅಳಲಿ."

"ನಿಮಗ ಅಳಲಿ ಅನ್ನಾಕ ಸಸಾರರಿ. ಅವ್ನು ಅತ್ರ ನಮ್ಮವ್ವ ಕಣ ಬಿಟ್ಟು ಓಡಿ ಬರ್ತಾಳ್ರಿ. ಮೇಸ್ತ್ರಿ ಬೈತಾನ್ರಿ. ಆಮ್ಯಾಲ ನಾ ಸಾಲಿ ಬಿಟ್ಟು ಇವನ್ನ ಹೊತ್ಗೊಂಡು ಮನ್ಯಾಗರಿ." ಒಂದೇ ಉಸಿರಿಗೆ ಇಷ್ಟು ಹೇಳಿ, ಮೆತ್ತಗೆ, "ಇವ್ನು ಇಲ್ಲಿ ಕುಂತ್ರ ನಾ ಅಲ್ಲಿ ಕುಂದ್ರತೀನ್ರಿ," ಎಂದಳು.

ಮೇಲಿನ ತರಗತಿಗಳ ಹುಡುಗಿಯರಲ್ಲಿ ಇಂಥವರು ಇನ್ನೂ ಕೆಲವರಿದ್ದರು. ಆದರೆ ಅವರ ತಮ್ಮ ತಂಗಿಯರು ಹೇಗೋ ಕೂರುತ್ತಿದ್ದರು. ಈ ಹುಡುಗ ಮಾತ್ರ ಇಳಿದ ತಕ್ಷಣ ನಡುವಿನ ಕಂಬವನ್ನು ಎರಡೂ ಕೈಯಿಂದ ತಬ್ಬಿಕೊಂಡು ನಿಲ್ಲುತ್ತಿದ್ದ. ಅಕ್ಕ ಕಣ್ಣಿಗೆ ಕಾಣುತ್ತಿದ್ದರೆ ಸುಮ್ಮನಿರುವನು, ಮರೆಯಾದರೆ ರಾಗ ತೆಗೆಯುವನು. ಹೆಡ್‌ಮಾಸ್ತರರು ಅವಳಿಗೆ ಖಡಾಖಂಡಿತವಾಗಿ ಹೇಳಿದ್ದರು: ಇನ್‌ಸ್ಪೆಕ್ಷನ್ ತನಕ ನೋಡುತ್ತೇನೆ, ಆಮೇಲೂ ನೀನು ಉಗ್ರಾಣದ ಬಾಗಿಲಲ್ಲೇ ನಿಲ್ಲುವುದಾದರೆ ಹಾಜರಿಯಿಂದ ಹೆಸರು ಹೊಡೆಯುತ್ತೇನೆ.

ನನಗೆ ದಿನಚರಿ ಬರೆಯುವ ಅಭ್ಯಾಸ. ಪ್ರತಿ ಸಂಜೆ ಮೂರು ಲೆಕ್ಕ ಹಾಕುತ್ತಿದ್ದೆ: ಬಂದವರು, ಅತ್ತವರು, ಕದಲಿದವರು. ಮೊದಲ ದಿನದ ಲೆಕ್ಕ ಹೀಗಿತ್ತು: ಬಂದವರು ಇಪ್ಪತ್ತನಾಲ್ಕು, ಅತ್ತವರು ಹನ್ನೊಂದು, ಕದಲಿದವರು ಒಬ್ಬ. ಆ ಒಬ್ಬ ನಾನೇ.

ಪುಸ್ತಕದಂತೆ ಶುರುಮಾಡಿದ್ದೆ. ಸೀಟಿ ಊದಿದೆ, ಅಲ್ಲಿಗೇ ಅರ್ಧ ತರಗತಿ ಅಳತೊಡಗಿತು. ಸೀಟಿಯನ್ನು ಜೇಬಿಗೆ ಹಾಕಿ, "ಅಟೆನ್ಷನ್" ಎಂದೆ. ಒಬ್ಬಳು ತನ್ನ ಹೆಸರು ಅದಲ್ಲವೆಂದಳು. ಕೈ ಮೇಲೆತ್ತಿ ತೋರಿಸಿದೆ. ಮೇಲೆ ಏನಿದೆಯೆಂದು ಎಲ್ಲರೂ ಛಾವಣಿ ನೋಡಿದರು. ಛಾವಣಿಯಲ್ಲಿ ಗುಬ್ಬಿಗೂಡಿತ್ತು. ಅಲ್ಲಿಗೆ ಆವತ್ತಿನ ಡ್ರಿಲ್ ಮುಗಿಯಿತು.

ಎರಡನೇ ವಾರ ಸಾಲಾಗಿ ನಡೆಸುವುದಕ್ಕೆ ಹೊರಟೆ. ಲೆಫ್ಟ್, ರೈಟ್. ಪುಸ್ತಕದ ಪ್ರಕಾರ ಎಡಗಾಲು ಮೊದಲು. ನಾನು ಮುಂದೆ ನಿಂತು ಎಡಗಾಲು ಇಟ್ಟು ತೋರಿಸುತ್ತಿದ್ದೆ. ಮಕ್ಕಳು ಅಷ್ಟೇ ಶ್ರದ್ಧೆಯಿಂದ ಬಲಗಾಲು ಇಡುತ್ತಿದ್ದರು. ನಾಲ್ಕು ದಿನ ಕಾಡಿಬೇಡಿ ಐದಾರು ಮಕ್ಕಳಿಗೆ ಎಡಗಾಲು ಕಲಿಸಿದೆ. ಐದನೇ ದಿನ ಧಣಿಯ ತಾಯಿ ಊರುಗೋಲು ಹಿಡಿದು ಉಗ್ರಾಣಕ್ಕೇ ಬಂದರು. ವಿಭೂತಿ ಹಚ್ಚಿದ ಅಗಲ ಹಣೆ, ಇಳಕಲ್ ಸೀರೆ. ಗಿರಣಿಯ ಎಂಜಿನ್ನೂ ಅವರನ್ನು ಕಂಡರೆ ಮೆತ್ತಗಾಗುತ್ತದೆ ಎಂದು ದೊಡ್ಡವ್ವ ಹೇಳಿದ್ದಳು.

"ಯಾರಪಾ ಇಲ್ಲಿ ಮಾಸ್ತರ?"

"ನಾನ್ರಿ ಅಮ್ಮಾರ."

"ನೀ ಏನು? ಇನ್ನಾ ಮೀಸಿ ಬಂದಿಲ್ಲ. ನಮ್ಮ ಮೊಮ್ಮಗ ನಿನ್ನೆ ಹೊಸ್ತಿಲದಾಗ ಎಡಗಾಲು ಮುಂದ ಇಟ್ಟು ಒಳಗ ಬಂದಾನ. ಯಾಕಲೇ ಅಂದ್ರ, ಮಾಸ್ತರ್ರು ಕಲಸ್ಯಾರ ಅಂತಾನ. ನನ್ನ ಮಗ ಉಗ್ರಾಣ ಕೊಟ್ಟದ್ದು ಅಕ್ಷರ ಕಲಸಾಕೋ, ಮನಿಗೆ ಎಡಗಾಲು ಇಡಸಾಕೋ?"

"ಅದು ಡ್ರಿಲ್ಲಿನ ಪದ್ಧತಿರಿ..."

"ಯಾರ ಮನಿ ಪದ್ಧತಿ?"

ಮರುದಿನದಿಂದ ರೈಟ್, ಲೆಫ್ಟ್ ಆಯಿತು. ಹೆಡ್‌ಮಾಸ್ತರರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, "ಏನ್ರೀ ಇದು, ಗಡಿಯಾರ ಹಿಂದಕ ತಿರುಗಿಸಿದಂಗ," ಎಂದು ತಲೆ ಚಚ್ಚಿಕೊಂಡರು. ಕಾಲು ಯಾವುದೇ ಇರಲಿ, ಸಾಲು ಮಾತ್ರ ನಿಲ್ಲುತ್ತಿರಲಿಲ್ಲ. ಎರಡು ಹೆಜ್ಜೆಗೆ ಎಲ್ಲರೂ ಕುರಿಮಂದೆಯಂತೆ ಒಂದು ಮೂಲೆಗೆ ಸೇರುತ್ತಿದ್ದರು.

ಸಾಲಿಗೆ ಗೆರೆ ಬೇಕೆಂದು ನನಗೆ ಹೊಳೆಯಿತು. ದೊಡ್ಡ ಶಾಲೆಯ ಬಯಲಿನಲ್ಲಿ ಸುಣ್ಣದ ಗೆರೆ ಹಾಕುತ್ತಾರೆ. ಉಗ್ರಾಣದ ಒರಟು ಕಲ್ಲಿನ ಮೇಲೆ ಸೀಮೆಸುಣ್ಣ ಹತ್ತುತ್ತಿರಲಿಲ್ಲ, ನೀರುಸುಣ್ಣ ಹಾಕಲು ಧಣಿ ಒಪ್ಪಲಿಲ್ಲ. ಹಾಗಾಗಿ ಒಂದು ಸಂಜೆ ಪೇಟೆಯಿಂದ ರಂಗೋಲಿ ಹಿಟ್ಟು ತಂದು, ದಾರ ಹಿಡಿದು ಅಳೆದು, ಕೋಣೆಗೆ ಅಡ್ಡಡ್ಡಲಾಗಿ ಏಳು ಗೆರೆ ಎಳೆದೆ. ಒಂದೊಂದು ಗೆರೆಯ ಮೇಲೆ ಮೂರು ನಾಲ್ಕು ಮಕ್ಕಳನ್ನು ನಿಲ್ಲಿಸುವುದು ನನ್ನ ಯೋಜನೆ. ಗೆರೆ ಅಷ್ಟು ನೆಟ್ಟಗೇನೂ ಬಂದಿರಲಿಲ್ಲ. ಆದರೂ ತೃಪ್ತಿಯಾಗಿತ್ತು.

ಮಾರನೆಯ ಬೆಳಿಗ್ಗೆ ದೊಡ್ಡವ್ವ ಮಕ್ಕಳನ್ನು ಕರೆತಂದಳು. ಮಕ್ಕಳು ಹೊಸ್ತಿಲ ತನಕ ಬಂದು ನಿಂತುಬಿಟ್ಟರು. ಯಾರೂ ಒಳಗೆ ಬರಲಿಲ್ಲ.

"ಯಾಕ ನಿಂತ್ರಲೇ? ಬರ್ರಿ, ಗೆರಿ ಮ್ಯಾಲ ನಿಂದ್ರ್ರಿ," ಎಂದೆ.

"ರಂಗೋಲಿ ಐತ್ರಿ," ಎಂದಳು ಮುಂದಿದ್ದವಳು.

"ಇರಲಿ, ತುಳಿರಿ."

ಅವಳು ನನ್ನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿದಳು. "ತುಳಿದ್ರ ನಮ್ಮವ್ವ ಕಾಲು ಮುರೀತಾಳ್ರಿ."

ಹಿಂದಿನಿಂದ ಮತ್ತೊಬ್ಬ, "ನಮ್ಮಜ್ಜಿ ಕಾಲಿಗೆ ಬರಿ ಹಾಕ್ತಾಳ್ರಿ," ಎಂದ. ಒಬ್ಬೊಬ್ಬರೂ ತಮ್ಮ ಮನೆಯಲ್ಲಿ ರಂಗೋಲಿ ತುಳಿದರೆ ಏನು ಸಿಗುತ್ತದೆಂದು ಹೇಳತೊಡಗಿದರು. ಶಿಕ್ಷೆಗಳಲ್ಲೇ ಪೈಪೋಟಿ ಬಿತ್ತು. ಅಷ್ಟರಲ್ಲಿ ಮುಂದಿದ್ದವಳು ಲಂಗ ಎತ್ತಿ ಹಿಡಿದು, ಎರಡೂ ಕಾಲು ಜೋಡಿಸಿ, ಮೊದಲ ಗೆರೆಯನ್ನು ಟಣ್ಣನೆ ಜಿಗಿದು ದಾಟಿದಳು. ಆಮೇಲೆ ಎರಡನೆಯದನ್ನು. ಅವಳ ಹಿಂದೆ ಇನ್ನೊಬ್ಬ, ಮತ್ತೊಬ್ಬ. ಮಳೆ ಬಿದ್ದ ಮರುದಿನದ ಕಪ್ಪೆಗಳಂತೆ ಇಡೀ ತರಗತಿ ಜಿಗಿಯುತ್ತ ಒಳಗೆ ಬಂತು. ಕಂಬದ ಹುಡುಗನನ್ನು ಮಾತ್ರ ಅಕ್ಕ ಹೊತ್ತುಕೊಂಡೇ ಗೆರೆಗಳನ್ನು ಎಚ್ಚರಿಕೆಯಿಂದ ದಾಟಿ ಕಂಬಕ್ಕೆ ಒಪ್ಪಿಸಿದಳು.

ನನಗೆ ಸಿಟ್ಟು ಬಂತು. ಅಳೆದು ಹಾಕಿದ ಗೆರೆ. ಒಬ್ಬರಾದರೂ ಅದರ ಮೇಲೆ ನಿಲ್ಲಲಿಲ್ಲವಲ್ಲ! ಪೊರಕೆ ತಂದು ಗುಡಿಸಿಹಾಕಿ, ಮರುದಿನ ಇದ್ದಿಲಿನ ಪುಡಿಯಿಂದ ಕಪ್ಪು ಗೆರೆ ಎಳೆದೆ. ಕಪ್ಪು ಗೆರೆ ರಂಗೋಲಿಯಲ್ಲವೆಂದು ಮಕ್ಕಳು ಒಪ್ಪಿದರು. ಚೆನ್ನಾಗಿಯೇ ತುಳಿದರು, ಅದರ ಮೇಲೆ ಕೂತರು, ಹೊರಳಿದರು. ಸಂಜೆ ಕಣದಿಂದ ಬಂದ ತಾಯಂದಿರು ತಮ್ಮ ಮಕ್ಕಳನ್ನು ಗುರುತು ಹಿಡಿಯಲು ಕಷ್ಟಪಟ್ಟರು.

"ಮಾಸ್ತರ್ರ, ನಾ ಕೊಟ್ಟದ್ದು ಮಗನ್ನ, ನೀವು ಕೊಡಾಕತ್ತಿದ್ದು ಒಲಿ ಕೊಳ್ಳಿನ," ಎಂದಳು ಒಬ್ಬಳು. ಉಳಿದವರು ಬಿದ್ದು ಬಿದ್ದು ನಕ್ಕರು. ನಕ್ಕರೂ ಮರುದಿನ ಆರು ಮಕ್ಕಳು ಬರಲಿಲ್ಲ.

ಆ ಸಂಜೆ ದಿನಚರಿ ಬರೆಯಲು ಕೂತೆ. ಕದಲಿದವರ ಲೆಕ್ಕವನ್ನು ಹಿಂದಕ್ಕೆ ನೋಡುತ್ತ ಹೋದೆ. ಎರಡು, ಐದು, ನಾಲ್ಕು, ಏಳು. ಸೀಟಿ, ಹುಕುಂ, ಗದರಿಕೆ ಎಲ್ಲ ಸೇರಿ ಅಷ್ಟೇ. ರಂಗೋಲಿಯ ದಿನ ನಾನು ಸಿಟ್ಟಿನಲ್ಲಿ ಲೆಕ್ಕವನ್ನೇ ಹಾಕಿರಲಿಲ್ಲ. ಈಗ ನೆನಪಿನಿಂದ ಹಾಕಿದೆ: ಕಂಬದ ಹುಡುಗನೊಬ್ಬನನ್ನು ಬಿಟ್ಟು ಎಲ್ಲರೂ. ಯಾರೂ ಹೇಳದೆ, ಯಾರೂ ಅಳದೆ, ಏಳು ಗೆರೆಗೆ ಏಳು ಸಲ ಎರಡೂ ಕಾಲು ನೆಲ ಬಿಟ್ಟಿದ್ದವು. ಅಂಗಸಾಧನೆ ಬಾಗಿಲಿನಿಂದ ತಾನಾಗಿ ನಡೆದು ಬಂದಿತ್ತು. ನಾನು ಪೊರಕೆ ಹಿಡಿದು ಅದನ್ನು ಗುಡಿಸಿದ್ದೆ.

ಬೆಳಿಗ್ಗೆ ಎದ್ದವನೇ ಡ್ರಿಲ್ ಪುಸ್ತಕವನ್ನು ಟ್ರಂಕಿನ ತಳಕ್ಕೆ ಹಾಕಿದೆ. ಇನ್ನು ಮುಂದೆ ಗೆರೆ ತುಳಿಯುವುದಕ್ಕಲ್ಲ, ದಾಟುವುದಕ್ಕೆ ಎಂದು ತೀರ್ಮಾನಿಸಿದೆ. ಇನ್‌ಸ್ಪೆಕ್ಟರು ಬಂದಾಗ ಲೆಫ್ಟ್ ರೈಟ್ ತೋರಿಸಲು ಏನೂ ಇರುವುದಿಲ್ಲ ಎಂಬ ಭಯವಿತ್ತು. ಆದರೆ ಅದು ಹೇಗೂ ಇರುತ್ತಿರಲಿಲ್ಲ.

ಕೆಲಸ ಹೀಗೆ ಸಾಗಿತು. ದಿನವೂ ಮಕ್ಕಳು ಬರುವ ಮುಂಚೆ ಹೊಸ ಗೆರೆ. ಮೊದಲ ವಾರ ಗೆರೆಗಳು ಜೋಡಿಜೋಡಿ. ಜೋಡಿಯ ನಡುವೆ ಒಂದು ಗೇಣು, ಅಷ್ಟನ್ನು ಒಂದೇ ನೆಗೆತಕ್ಕೆ ದಾಟಬೇಕು. ಮುಂದಿನ ವಾರ ಒಂದೂವರೆ ಗೇಣು. ಚಿಕ್ಕವರಿಗೆ ಗೋಡೆಯ ಕಡೆ ಕಿರಿದು, ದೊಡ್ಡವರಿಗೆ ಇನ್ನೊಂದು ಕಡೆ ಅಗಲ. ಯಾರು ಎಲ್ಲಿ ದಾಟಬೇಕೆಂಬುದನ್ನು ಅವರಿಗೇ ಬಿಟ್ಟೆ. ಕಂಬದ ಆಚೆಗೆ ಒಂದು ಮೊಳ ಅಗಲದ ಜೋಡಿ ಗೆರೆ. ಅದಕ್ಕೆ ಮಕ್ಕಳು ಹೊಳೆ ಎಂದು ಹೆಸರಿಟ್ಟರು, ಒಳಗೆ ಮೀನು ಬರೆಯಿರಿ ಎಂದರು. ಬರೆದೆ. ಅದು ಮೀನಲ್ಲ, ಬದನೆಕಾಯಿ ಎಂದು ತೀರ್ಪಾಯಿತು.

ಮಕ್ಕಳು ಜಿಗಿದು ಇಳಿಯುವಾಗ ಮೊಣಕಾಲು ಬಿಗಿಯಾಗಿಟ್ಟು ಧೊಪ್ಪನೆ ಬೀಳುತ್ತಿದ್ದರು. ಕೆಳಗೆ ಕಲ್ಲು. ಹೊಳೆಯ ಆಚೆಗೆ ಗೋಣಿಚೀಲ ಹಾಸಿದೆ. ಚೀಲ ಜಾರಿ ಇಬ್ಬರು ಬಿದ್ದರು. ಆಮೇಲೆ ಗಿರಣಿಯಲ್ಲಿ ಬೆಟ್ಟದಂತೆ ಬಿದ್ದಿದ್ದ ಭತ್ತದ ಹೊಟ್ಟನ್ನು ಚೀಲಕ್ಕೆ ತುಂಬಿ, ಬಾಯಿ ಹೊಲಿದು, ನಾಲ್ಕು ಮೂಲೆಗೆ ಕಲ್ಲು ಕಟ್ಟಿ ಹಾಸಿದ ಮೇಲೆ ಸರಿಹೋಯಿತು. ಗುಬ್ಬಿಯ ಹಾಗೆ ಸಪ್ಪಳವಿಲ್ಲದೆ ಇಳಿಯಬೇಕೆಂದು ಹೇಳಿದೆ. ಮೇಲೆ ನೋಡಿದರೆ ಗುಬ್ಬಿ ಇದ್ದೇ ಇತ್ತು. ಮೊಣಕಾಲು ತಾವಾಗಿ ಮಣಿದವು.

ಗೆರೆ ತುಳಿದವರು ಯಾರೆಂದು ಜಗಳವಾಗುತ್ತಿತ್ತು. ಅದನ್ನು ಮಕ್ಕಳೇ ಬಗೆಹರಿಸಿದರು. "ಅಂಗಾಲು ತೋರಿಸಲೇ!" ಎಂದು ಒಬ್ಬಳು ಕೂಗುವಳು. ತುಳಿದಿದ್ದರೆ ಅಂಗಾಲು ಬೆಳ್ಳಗಿರುತ್ತದೆ. ತೋರಿಸಬೇಕಾದರೆ ಒಂಟಿಕಾಲಿನಲ್ಲಿ ನಿಲ್ಲಬೇಕು, ಇನ್ನೊಂದು ಕಾಲನ್ನು ಹಿಂದಕ್ಕೆ ಮಡಚಬೇಕು, ಬೀಳಬಾರದು. ಡ್ರಿಲ್ ಪುಸ್ತಕದಲ್ಲಿ ಒಂಟಿಕಾಲಿನ ಸಾಧನೆಗೆ ಎರಡು ಪುಟ ಇದ್ದವು. ನಾಲ್ಕನೇ ವಾರಕ್ಕೆ ಈ ಮಕ್ಕಳು ಒಂಟಿಕಾಲಿನಲ್ಲಿ ನಿಂತು ವಾದ ಮಾಡುತ್ತಿದ್ದರು.

ಒಂದು ಸಲ ದಾರಿ ತೆರೆದ ಮೇಲೆ ಬೇರೆ ಆಟಗಳು ಸುಲಭವಾಗಿ ಬಂದವು. ಬಗ್ಗಿ, ಹಿಂದೆ ಹಿಂದೆ ಹೆಜ್ಜೆಯಿಡುತ್ತ ಹುಣಸೆ ಬೀಜಗಳನ್ನು ಸಾಲಾಗಿ ಇಡುವುದು ನಾಟಿ. ಮರಳು ಹರವಿ, ಪಾದ ಎಳೆಯುತ್ತ ಗೆರೆ ಮೂಡಿಸುವುದು ಕಣದಲ್ಲಿ ಭತ್ತ ತಿರುವುವ ಕೆಲಸ. ಐದು ಮಂದಿ ಕೈ ಹಿಡಿದು, ಬೆನ್ನು ಒಳಗೆ ಮಾಡಿ ಗಿರಗಿರ ಸುತ್ತಿದರೆ ನೀರ ಮೇಲೆ ತಿರುಗುವ ಹರಗೋಲು. ಹೆಜ್ಜೆಗೆ ತಾಳ ಬೇಕಾದಾಗ ಸೀಟಿ ಬೇಕಿರಲಿಲ್ಲ. ಗೋಡೆಯಾಚೆಯ ಎಂಜಿನ್ ಇತ್ತು. ಕೊನೆಗೆ ಎಲ್ಲರೂ ಅಂಗಾತ ಮಲಗಿ, ಹೊಟ್ಟೆಯ ಮೇಲೆ ಕೈಯಿಟ್ಟು, ಹೊಟ್ಟೆ ಏಳುವುದನ್ನೂ ಇಳಿಯುವುದನ್ನೂ ನೋಡಿಕೊಳ್ಳಬೇಕು. ಇಬ್ಬರಾದರೂ ನಿದ್ದೆ ಹೋಗುತ್ತಿದ್ದರು. ಅವರನ್ನು ಎಬ್ಬಿಸುತ್ತಿರಲಿಲ್ಲ.

ಧಣಿಯ ತಾಯಿ ಇನ್ನೊಮ್ಮೆ ಬಂದರು. ಬಾಗಿಲಲ್ಲೇ ನಿಂತು ನನ್ನ ಗೆರೆಗಳನ್ನು ಬಹಳ ಹೊತ್ತು ನೋಡಿದರು. ಈ ಸಲ ಯಾವ ಕಾಲಿನ ಸುದ್ದಿಯೋ ಎಂದು ನಾನು ಬೆವರಿದೆ.

"ಇದೇನಪಾ, ರಂಗೋಲಿನೋ, ಎತ್ತು ನಡಕೋತ ಉಚ್ಚಿ ಹೊಯ್ದದ್ದೋ?"

ಮಕ್ಕಳು ಕೇಕೆ ಹಾಕಿದರು. ಅವರು ಊರುಗೋಲನ್ನು ದೊಡ್ಡವ್ವನ ಕೈಗೆ ಕೊಟ್ಟು, ಬಗ್ಗಿ, ಹೊಳೆಯ ಎರಡೂ ದಂಡೆಯನ್ನು ಬೆರಳಿನಿಂದ ಹೊಸದಾಗಿ ಎಳೆದರು. ನೂಲು ಹಿಡಿದಂಥ ಗೆರೆ. ನನ್ನ ಮೀನನ್ನು ಅಳಿಸಿ ಮೀನಿನಂಥ ಮೀನು ಬರೆದರು. ಮರುದಿನದಿಂದ ರಂಗೋಲಿ ಹಿಟ್ಟು ಅವರ ಮನೆಯಿಂದಲೇ ಬಂತು.

ಆದರೆ ಕಂಬದ ಹುಡುಗ ಕಂಬ ಬಿಡಲಿಲ್ಲ. ಒಂದು ಮಧ್ಯಾಹ್ನ ಅವನ ತಾಯಿ ದುಡಿಯುವ ಕಣಕ್ಕೆ ಹೋಗಿ ನೋಡಿದೆ. ಒಂದು ಕಡೆ ಭತ್ತ ಬೇಯುವ ಹಂಡೆಗಳು, ಇನ್ನೊಂದು ಕಡೆ ಗಿರ್ರನೆ ತಿರುಗುವ ಎಂಜಿನ್ನಿನ ಪಟ್ಟೆ, ನಡುವೆ ಕಣದ ತುಂಬ ಕಾಲಿಡಲು ಜಾಗವಿಲ್ಲದಂತೆ ಹರವಿದ ಬಿಸಿ ಭತ್ತ. ಅವನ ತಾಯಿ ಸೆರಗಿನಿಂದ ಬೆವರೊರೆಸಿಕೊಂಡು, "ಹುಟ್ಟಿದಾಗಿನಿಂದ ಇಲ್ಲೇ ಬೆಳದಾನ್ರಿ. ಕೆಳಗ ಬಿಟ್ರ ಎಲ್ಲಿ ಹೊಕ್ಕಾನೋ ಅಂತ ಬಿಟ್ಟೇ ಇಲ್ರಿ. ಅಕ್ಕನ ಟೊಂಕಾನೇ ಅವನಿಗೆ ತೊಟ್ಲ," ಎಂದಳು.

ಅವನು ಹೆದರುಪುಕ್ಕಲನೆಂದು ನಾನು ಬರೆದುಕೊಂಡಿದ್ದೆ. ಅದನ್ನು ಹೊಡೆದುಹಾಕಿದೆ. ಅವನಿಗೆ ನೆಲದ ಅಭ್ಯಾಸವಿರಲಿಲ್ಲ, ಅಷ್ಟೇ. ಕಂಬ ಬಿಡಿಸುವ ಪ್ರಯತ್ನ ಕೈಬಿಟ್ಟು, ಕಂಬ ಹಿಡಿದುಕೊಂಡೇ ಮಾಡುವ ಕೆಲಸಗಳನ್ನು ಕೊಟ್ಟೆ. ಎರಡು ಕೈ ಹಿಡಿದು ಕುಕ್ಕರಿಸಿ ಏಳುವುದು. ಒಂದು ಕೈ ಹಿಡಿದು ಕಂಬ ಸುತ್ತುವುದು. ಕಂಬದ ಬುಡಕ್ಕೆ ಅವನಿಗೆಂದೇ ಪುಟ್ಟದೊಂದು ಗೆರೆ. ಅದನ್ನು ಆಚೆ ಈಚೆ ದಾಟುವುದು. ಮಾಡುತ್ತಿದ್ದ, ಆದರೆ ಯಾರೂ ನೋಡದಿರುವಾಗ. ನಾನು ಗೋಡೆಯ ಕಡೆ ತಿರುಗಿ ನಿಂತು ಓರೆಗಣ್ಣಿನಿಂದ ಲೆಕ್ಕ ಹಾಕುತ್ತಿದ್ದೆ. ದಸರೆಯ ಹೊತ್ತಿಗೆ ಒಂದೇ ಬೆರಳು ಕಂಬಕ್ಕೆ ತಾಗಿಸಿ ನಿಲ್ಲುವ ತನಕ ಬಂದ. ಆ ಒಂದು ಬೆರಳು ಮಾತ್ರ ಬಿಡಲಿಲ್ಲ. ಅಕ್ಕ ದಿನಕ್ಕೆ ನಾಲ್ಕು ಸಲ ತನ್ನ ತರಗತಿಯಿಂದ ಎದ್ದು ಬಂದು ಬಾಗಿಲಲ್ಲಿ ಮುಖ ತೋರಿಸಿ ಹೋಗಬೇಕಿತ್ತು.

ಇನ್‌ಸ್ಪೆಕ್ಷನ್ನಿನ ಹಿಂದಿನ ದಿನ ಹೆಡ್‌ಮಾಸ್ತರರು ಬಂದು ನೋಡಿದರು. ಮಕ್ಕಳು ನಾಟಿ ಮಾಡುತ್ತಿದ್ದರು.

"ಭಾಳ ಚಂದ ಐತ್ರಿ. ಆದ್ರ ಡ್ರಿಲ್ ಎಲ್ಲೈತಿ?"

"ಇದೇ ರೀ."

"ಇದನ್ನ ಅವ್ರು ಡ್ರಿಲ್ ಅಂತಾರೇನ್ರಿ? ಲೆಫ್ಟ್ ಇಲ್ಲ, ರೈಟ್ ಇಲ್ಲ. ಬರೇ ಕುಣದಾಡೋದಕ್ಕ ಮಾಸ್ತರ್ ಯಾಕ ಅಂತ ಕೇಳಿದ್ರ ನಾ ಏನು ಹೇಳ್ಲಿ?" ಬಾಗಿಲಲ್ಲಿ ನಿಂತಿದ್ದ ಹುಡುಗಿಯನ್ನು ಕಂಡು, "ನೀ ನಾಳೆ ಈ ಕಡೆ ಸುಳೀಬ್ಯಾಡ. ನಿಮ್ಮ ಕ್ಲಾಸಿನಾಗ ಪದ್ಯ ಹೇಳಬೇಕು ನೀನು," ಎಂದರು. ಅವಳು ನನ್ನ ಮುಖ ನೋಡಿದಳು. ನಾನು ತಮ್ಮನ ಮುಖ ನೋಡಿದೆ. ಅವನು ಕಂಬ ನೋಡುತ್ತಿದ್ದ.

ಮರುದಿನ ಬೆಳಿಗ್ಗೆ ಧಣಿಯ ತಾಯಿಯೇ ಬಂದು ಗೆರೆ ಹಾಕಿದರು. ನಾನು ಮಕ್ಕಳನ್ನು ಕೋಣೆಯ ಆಚೆ ತುದಿಗೆ ಸಾಲಾಗಿ ನಿಲ್ಲಿಸಿದೆ. ಕಂಬದ ಹುಡುಗ ತನ್ನ ಜಾಗದಲ್ಲಿ, ಹೊಳೆಯ ಈಚೆ ದಂಡೆಯಲ್ಲಿ. ಅಷ್ಟರಲ್ಲಿ ಶಾಲೆಯಿಂದ ಕುರ್ಚಿ ಮೇಜು ಬಂದವು. ಹೊತ್ತು ತಂದವರು ಗೆರೆ ತುಳಿಯದಂತೆ ಜೋಪಾನವಾಗಿ ದಾಟಿಸಿ, ಗೌರವದ ಜಾಗವೆಂದು ಆಚೆ ತುದಿಯಲ್ಲಿ ಇಟ್ಟು ಹೋದರು. ಬಾಗಿಲಿಗೂ ಕುರ್ಚಿಗೂ ನಡುವೆ ಅಷ್ಟೂ ಗೆರೆಗಳು. ಇನ್‌ಸ್ಪೆಕ್ಟರು ನಡೆದು ಹೋಗಲು ದಾರಿ ಬಿಡಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹೊಳೆಯುವ ಹೊತ್ತಿಗೆ ಅವರು ಹೊಸ್ತಿಲಲ್ಲಿದ್ದರು.

ದಪ್ಪ ಮೈಯವರು. ಕೋಟು, ಪಂಚೆ, ಜರಿಯಂಚಿನ ರುಮಾಲು, ಕಪ್ಪು ಬೂಟು. ಅನಂತಪುರದ ಕಡೆಯವರು, ಮನೆಮಾತು ತೆಲುಗು. ಬೂಟುಗಾಲು ಎತ್ತಿದವರು ಕೆಳಗೆ ನೋಡಿ ಹಾಗೇ ತಡೆದರು.

"ಬರ್ರಿ ಸರ್, ತುಳಕೊಂಡು ಬರ್ರಿ, ಬರೇ ಹಿಟ್ಟದು," ಎಂದರು ಹೆಡ್‌ಮಾಸ್ತರರು.

"ಅಯ್ಯಯ್ಯ, ಸಾಹೇಬ್ರು ತುಳೀತಾರ ನೋಡ್ರಲೇ!" ಎಂದು ಸಾಲಿನಲ್ಲಿದ್ದ ಹುಡುಗಿ ಕೂಗಿಬಿಟ್ಟಳು.

ಇನ್‌ಸ್ಪೆಕ್ಟರು ಕಾಲು ಹಿಂದಕ್ಕೆ ತೆಗೆದುಕೊಂಡರು. "ಹೇಗೆ ತುಳೀಲಯ್ಯಾ? ನಮ್ಮಮ್ಮ ಇನ್ನೂ ಬದುಕಿದ್ದಾಳೆ," ಎಂದು ಬಗ್ಗಿ ಬೂಟು ಬಿಚ್ಚಿದರು. ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದರು. ಮೊದಲ ಜೋಡಿ ಗೆರೆಯನ್ನು ಸಣ್ಣಗೆ ಹಾರಿ ದಾಟಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಎರಡನೆಯದು. ಮೂರನೆಯದಕ್ಕೆ ಮುಖದಲ್ಲಿ ನಗೆ ಮೂಡಿತ್ತು. ಅಲ್ಲಿ ನಿಂತು ಉಸಿರು ತೆಗೆದುಕೊಂಡು, ಕೆಲಸದ ದನಿ ತಂದುಕೊಂಡು ಕೇಳಿದರು: "ಮಾಸ್ತರೇ, ನಿಮ್ಮ ಡ್ರಿಲ್ ಎಲ್ಲಿ?"

"ನೀವು ಈಗ ಮಾಡ್ತಾ ಇರೋದೇ ಸರ್," ಎಂದೆ. ಬಾಯಿಂದ ಬಂದುಬಿಟ್ಟಿತ್ತು. ಹೆಡ್‌ಮಾಸ್ತರರು ಕಣ್ಣು ಮುಚ್ಚಿಕೊಂಡರು.

ಇನ್‌ಸ್ಪೆಕ್ಟರು ಕಂಬದ ತನಕ ಬಂದು ಹೊಳೆಯ ಅಗಲ ನೋಡಿದರು. "ಇದು ನನ್ನ ಕೈಲಾಗಲ್ಲ. ಹೇಗೆ ದಾಟಬೇಕೋ ಯಾರಾದರೂ ತೋರಿಸಿ," ಎಂದರು.

ಉಳಿದವರೆಲ್ಲ ಆಚೆ ದಂಡೆಯಲ್ಲಿದ್ದರು. ಈಚೆಗೆ ಇದ್ದವನು ಒಬ್ಬನೇ. ಇನ್‌ಸ್ಪೆಕ್ಟರು ಅವನತ್ತ ಬಗ್ಗಿ, "ಏಮಯ್ಯಾ, ನೀನು ತೋರಿಸ್ತೀಯಾ?" ಎಂದರು. ನಾನು ಬಾಯಿ ತೆರೆದೆ, ಅವನಿಂದಾಗದು ಸರ್ ಎನ್ನಲು. ಬದಲಿಗೆ, ಅಭ್ಯಾಸದಂತೆ ಗೋಡೆಯ ಕಡೆ ತಿರುಗಿ ನಿಂತೆ.

ಓರೆಗಣ್ಣಿಗೆ ಕಂಡದ್ದು ಇಷ್ಟು. ಅವನು ಆ ದೊಡ್ಡ ಬರಿಗಾಲುಗಳನ್ನು ನೋಡಿದ. ತನ್ನವನ್ನು ನೋಡಿಕೊಂಡ. ಬಾಗಿಲ ಕಡೆ ತಿರುಗಿದ. ಅಲ್ಲಿ ಅಕ್ಕ ಇರಲಿಲ್ಲ. ಈಗ ಅಳುತ್ತಾನೆ ಅಂದುಕೊಂಡೆ. ಆಮೇಲೆ ಮೊಣಕಾಲು ಮಣಿಸಿದ, ಬೆರಳು ಕಂಬದಿಂದ ಕಳಚಿತು, ಜಿಗಿದ. ಹೊಟ್ಟಿನ ಚೀಲದ ಮೇಲೆ ಮೊಣಕಾಲೂರಿ ಬಿದ್ದು, ಎದ್ದು, ತಿರುಗಿ ನಿಂತ. ಏನನ್ನೂ ಹಿಡಿಯದೆ ಒಂದು ಕಾಲನ್ನು ಹಿಂದಕ್ಕೆ ಮಡಚಿ ಅಂಗಾಲು ತೋರಿಸಿದ. ಒಂದು ಚೂರೂ ಬಿಳಿ ಇರಲಿಲ್ಲ.

ಮಕ್ಕಳು ಹಾಕಿದ ಕೂಗಿಗೆ ಗುಬ್ಬಿಗಳೆಲ್ಲ ಬೆಳಕಿಂಡಿಯಿಂದ ಹಾರಿಹೋದವು. ಅದೇ ಗದ್ದಲದಲ್ಲಿ ಇನ್‌ಸ್ಪೆಕ್ಟರು ಪಂಚೆ ಹಿಡಿದು ಹಾರಿದರು. ಅವರು ಇಳಿದ ಭಾರಕ್ಕೆ ಚೀಲದ ಹೊಲಿಗೆ ಬಿಚ್ಚಿ ಹೊಟ್ಟು ಆಳೆತ್ತರ ಎದ್ದಿತು. ಹೊಟ್ಟು ಕೆಳಗಿಳಿದಾಗ ಅವರ ರುಮಾಲು, ಮೀಸೆ, ಕೋಟು ಎಲ್ಲ ಹೊಂಬಣ್ಣ.

"ಅಂಗಾಲು ತೋರಸ್ರಿ!" ಎಂದು ಮಕ್ಕಳು ಒಂದೇ ದನಿಯಲ್ಲಿ ಕೇಳಿದರು.

ಇನ್‌ಸ್ಪೆಕ್ಟರು ಆಸರೆಗೆ ಹೆಡ್‌ಮಾಸ್ತರರನ್ನು ಹುಡುಕಿದರು. ಹೆಡ್‌ಮಾಸ್ತರರು ಇನ್ನೂ ಎರಡನೇ ಗೆರೆಯಲ್ಲಿದ್ದರು. ಕೊನೆಗೆ ಸಾಹೇಬರು ನನ್ನ ಹೆಗಲು ಹಿಡಿದು ಕಾಲೆತ್ತಿದರು. ಹಿಮ್ಮಡಿ ಬೆಳ್ಳಗಿತ್ತು. "ತುಳಿದಾರ! ಸಾಹೇಬ್ರು ತುಳಿದಾರ!" ಎಂದು ಮಕ್ಕಳು ಹೊರಳಾಡಿ ನಕ್ಕರು. ಬಾಗಿಲಲ್ಲಿ ನಿಂತಿದ್ದ ಧಣಿಯ ತಾಯಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು.

ಇನ್‌ಸ್ಪೆಕ್ಟರು ಕುರ್ಚಿಯಲ್ಲಿ ಕೂತು, ನೀರು ಕುಡಿದು, ಉಳಿದ ಆಟಗಳನ್ನೆಲ್ಲ ನೋಡಿದರು. ಗೆರೆಗಳ ಅಗಲ ಯಾವ ಲೆಕ್ಕದಲ್ಲಿ ಎಂದು ಕೇಳಿದರು. ವಾರವಾರ ಹೇಗೆ ಹೆಚ್ಚಿಸಿದೆನೆಂದು ಹೇಳಿದೆ. ಕೊನೆಗೆ ಹೆಡ್‌ಮಾಸ್ತರರು ಮೆಲ್ಲಗೆ, "ಸರ್ಕ್ಯುಲರ್ ಪ್ರಕಾರ ಡ್ರಿಲ್ ಅಂತ..." ಎಂದು ಶುರುಮಾಡಿದರು.

"ಸರ್ಕ್ಯುಲರ್‌ನಲ್ಲಿ ಅಂಗಸಾಧನೆ ಅಂತ ಇದೆ ಕಣ್ರೀ. ನನಗೆ ಇನ್ನೂ ದಮ್ಮು ಹತ್ತಿದೆ, ಕಾಣೋದಿಲ್ವಾ?" ಎಂದರು ಇನ್‌ಸ್ಪೆಕ್ಟರು. "ಈ ತರಗತಿ ಇರಲಿ. ಮುಂದಿನ ವರ್ಷ ನನಗೊಂದು ದಾರಿ ಬಿಡಿ." ಹೊರಡುವ ಹೊತ್ತಿಗೆ ದೊಡ್ಡವ್ವ ಗೋಡೆಯ ಪಕ್ಕ ಗೆರೆ ಗುಡಿಸಿ ದಾರಿ ಮಾಡಿದ್ದಳು. ಆದರೂ ಗೆರೆಗಳ ಮೇಲೆಯೇ ಹಾರುತ್ತ ಹೋದರು.

ಮಧ್ಯಾಹ್ನ ಕಂಬದ ಹುಡುಗನ ಅಕ್ಕ ಓಡೋಡಿ ಬಂದಳು. ಅವಳ ಪದ್ಯ ಮುಗಿದದ್ದು ಆಗಲೇ. ದೊಡ್ಡವ್ವ ಎಲ್ಲ ಹೇಳಿದರೂ ನಂಬಲಿಲ್ಲ. "ಸುಳ್ಳು ಹೇಳಬ್ಯಾಡ ದೊಡ್ಡವ್ವ. ಇವ್ನು ಕಂಬ ಬಿಟ್ನಾ? ನಮ್ಮ ತಮ್ಮನಾ?" ಎಂದು ನಾಲ್ಕು ಸಲ ಕೇಳಿ, ಅವನನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡೇ ಮನೆಗೆ ಹೋದಳು.

ಮರುದಿನ ಬೆಳಿಗ್ಗೆ ನಾನು ಗೆರೆ ಮುಗಿಸಿ ಏಳುವಾಗ ಇಬ್ಬರೂ ಹೊಸ್ತಿಲಲ್ಲಿದ್ದರು. ಅವನು ಕಾಲು ಒದರಿದ, ಇಳಿಸು ಎಂದು. ಅವಳು ಇಳಿಸಿದಳು. ಅವನು ಬಲಗಾಲಿಟ್ಟು ಒಳಗೆ ಬಂದು, ಮೊದಲ ಜೋಡಿ ಗೆರೆ ದಾಟಿದ, ಎರಡನೆಯದನ್ನು ದಾಟಿದ. ತಿರುಗಿ, ಅಕ್ಕನಿಗೆ ಅಂಗಾಲು ತೋರಿಸಿದ. ಹೊಸ್ತಿಲಾಚೆ ನಿಂತಿದ್ದ ಅವಳೂ ಒಂದು ಕಾಲು ಮಡಚಿ ತನ್ನ ಅಂಗಾಲು ತೋರಿಸಿದಳು. ಬೀದಿಯ ಕೆಂಪು ಧೂಳು ಮೆತ್ತಿತ್ತು.

ಆಮೇಲೆ ಅವಳು ಶಾಲೆಯ ಕಡೆ ತಿರುಗಿದಳು. ಅವಳು ಒಂದು ಪಕ್ಕಕ್ಕೆ ವಾಲಿ ನಡೆಯುವುದನ್ನೇ ನಾನು ಇಷ್ಟು ತಿಂಗಳು ನೋಡಿದ್ದೆ. ನಡಿಗೆಯೇ ಹಾಗೆ ಎಂದುಕೊಂಡಿದ್ದೆ. ಅವತ್ತು ನೆಟ್ಟಗೆ ನಾಲ್ಕು ಹೆಜ್ಜೆ ನಡೆದು, ಹಗುರಾದ ಸೊಂಟದ ಮೇಲೆ ಕೈಯಿಟ್ಟು ನೋಡಿಕೊಂಡು, ಓಡತೊಡಗಿದಳು. ಧಣಿಯ ಮನೆಯ ಮುಂದಿನ ದೊಡ್ಡ ರಂಗೋಲಿಯನ್ನು ಒಂದೇ ನೆಗೆತಕ್ಕೆ ದಾಟಿ ಶಾಲೆಯ ಗೇಟಿನೊಳಗೆ ಮರೆಯಾದಳು.

ಆ ಸಂಜೆಯ ಲೆಕ್ಕ: ಬಂದವರು ಇಪ್ಪತ್ತನಾಲ್ಕು. ಅತ್ತವರು ಇಲ್ಲ. ಕದಲಿದವರು, ಗೇಟಿನೊಳಗೆ ಓಡಿದವಳೂ ಸೇರಿ, ಇಪ್ಪತ್ತೈದು.